ಊಟಕ್ಕೆ ಮುಂಚೆ ಅಂಟಿದ ಚಾರ್ಟ್

"ಅಕ್ಕಾ, ನಿಮ್ಮ ಕುರ್ಚಿಗೆ ಯಾವತ್ತಾದ್ರೂ ಕುತ್ತು ಬಂದ್ರೆ ನಾನು ಅಡ್ಡ ನಿಲ್ತೀನಿ. ನೋಡ್ತಾ ಇರಿ."

ಚಿಕ್ಕಮೇಡಂ ಈ ಮಾತು ಕೊಟ್ಟು ಬಹಳ ವರ್ಷಗಳಾಗಿದ್ದವು. ಆಗ ಅವಳ ಮಗಳು ಹಸುಗೂಸು. ದಿನ ತುಂಬುವ ಮೊದಲೇ ಹುಟ್ಟಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಗಾಜಿನ ಪೆಟ್ಟಿಗೆಯೊಳಗೆ ಮಲಗಿ, ತಾಯಿಯನ್ನು ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿಗೆ ಕಟ್ಟಿಹಾಕಿತ್ತು. ಅಷ್ಟು ದಿನವೂ ಬಸ್ ಡಿಪೋದ ಡ್ಯೂಟಿ ಕೋಣೆಯಲ್ಲಿ ಅವಳ ಪಾಲಿನ ಕೆಲಸವನ್ನೂ ತನ್ನ ಪಾಲಿನದನ್ನೂ ಅಕ್ಕ ಒಬ್ಬಳೇ ಎಳೆದಳು. ಮರಳಿ ಬಂದಾಗ ಅವಳ ಕುರ್ಚಿ ಇದ್ದಲ್ಲೇ ಇತ್ತು. ಅದರ ಮೇಲೆ ಕೂತವಳಿಗೆ ಅಳು ಒತ್ತರಿಸಿ ಬಂತು. ಆಗ ಬಾಯಿಂದ ಬಿದ್ದ ಮಾತು ಅದು.

ಅಕ್ಕ ನಕ್ಕಿದ್ದಳು. "ನೀನಿರೋ ಗಾತ್ರಕ್ಕೆ ಅಡ್ಡ ನಿಂತ್ರೂ ಒಂದೇ, ಬಿಟ್ರೂ ಒಂದೇ. ಮೊದಲು ಹೊಟ್ಟೆ ತುಂಬ ತಿನ್ನೋದು ಕಲಿ."

ಒಡಹುಟ್ಟಿದವಳೇನಲ್ಲ. ಡಿಪೋದವರೆಲ್ಲ ಇವರಿಬ್ಬರನ್ನು ದೊಡ್ಡಮೇಡಂ, ಚಿಕ್ಕಮೇಡಂ ಎಂದು ಕರೆಯುತ್ತಿದ್ದರು. ಚಿಕ್ಕಮೇಡಂಗೆ ಮಾತ್ರ ದೊಡ್ಡಮೇಡಂ ಅಕ್ಕ. ಇಬ್ಬರ ಕೆಲಸವೂ ಒಂದೇ: ನಾಳೆ ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್ ಎಂಬ ಚಾರ್ಟ್ ತಯಾರಿಸಿ, ಸಂಜೆಯೊಳಗೆ ಕಿಟಕಿಯ ಪಕ್ಕದ ಬೋರ್ಡಿಗೆ ಅಂಟಿಸುವುದು. ಡ್ರೈವರುಗಳು ಚಿಕ್ಕಮೇಡಂ ಪಾಲು, ಕಂಡಕ್ಟರುಗಳು ಅಕ್ಕನ ಪಾಲು. ಚಾರ್ಟ್ ತಡವಾದರೆ ಕಿಟಕಿಯ ಮುಂದೆ ಸಂತೆ. ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ ಗೊತ್ತಾಗದೆ ಯಾರೂ ಮನೆಗೆ ಹೋಗುವಂತಿಲ್ಲ.

ಕಾಗದದ ಮೇಲೆ ಗೆರೆ ಎಳೆದು ಬರೆಯುತ್ತಿದ್ದ ಕಾಲದಲ್ಲಿ ಅಕ್ಕನ ಕೈಯ ವೇಗಕ್ಕೆ ಸಾಟಿಯೇ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಆಕೆ ಒಂದೇ ಬೆರಳಿನವಳಾದಳು. ಒಂದೊಂದು ಅಕ್ಷರಕ್ಕೂ ಕೀಬೋರ್ಡಿನ ಮೇಲೆ ಬಗ್ಗಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಹುಡುಕುತ್ತಿದ್ದಳು. ಕಂಡಕ್ಟರನ ಎದೆಯ ಬಿಲ್ಲೆಯ ನಂಬರ್ ಹೊಡೆಯಬೇಕು, ಹೆಸರು ಹೊಡೆಯಬೇಕು, ವಾರದ ರಜೆ ಯಾವತ್ತೆಂದು ಇನ್ನೊಂದು ಪಟ್ಟಿಯಲ್ಲಿ ನೋಡಬೇಕು, ಮತ್ತೆ ಇಲ್ಲಿಗೆ ಬರಬೇಕು. ಬರುವಷ್ಟರಲ್ಲಿ ಎಲ್ಲಿದ್ದೆ ಎಂಬುದೇ ಮರೆತಿರುತ್ತಿತ್ತು.

"ದೊಡ್ಡಮೇಡಂ, ನಮ್ಮ ಚಾರ್ಟ್ ಹಾಕ್ತೀರೋ, ಇಲ್ಲೇ ಹಾಸಿಗೆ ಹಾಸ್ಕೊಳ್ಳೋಣ್ವೋ?" ಎಂದು ಗಡ್ಡದ ಕಂಡಕ್ಟರ್ ಕಿಟಕಿಯ ಸರಳಿಗೆ ಹಣೆ ಒತ್ತಿ ಕೇಳುತ್ತಿದ್ದ.

"ಹಾಸ್ಕೋ. ದಿಂಬು ಬೇಕಾ?"

"ನಿಮ್ಮ ಕುರ್ಚಿದೇ ಕೊಡಿ ಮೇಡಂ, ಅದು ಮೆತ್ತಗಿದೆ."

ಅಕ್ಕನಿಗೆ ಸೊಂಟನೋವು. ಮನೆಯಿಂದ ತಂದ ನೀಲಿ ದಿಂಬೊಂದು ಆ ಕುರ್ಚಿಯ ಬೆನ್ನಿಗೆ ಸದಾ ಇರುತ್ತಿತ್ತು.

ನಗುವವರು ನಗಲಿ. ಆದರೆ ಹೊಸದಾಗಿ ಬಂದ ಮ್ಯಾನೇಜರ್ ನಗುವವರ ಪೈಕಿಯಲ್ಲ. ಒಂದು ಸಂಜೆ ಕಿಟಕಿಯ ಗಲಾಟೆ ಕೇಳಿ ಒಳಗೆ ಬಂದ, ಅಕ್ಕನ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದ. "ಹೀಗೇ ಆದ್ರೆ ಇಲ್ಲಿಗೆ ಬೇರೆಯವರನ್ನ ಕೂರಿಸಬೇಕಾಗತ್ತೆ" ಎಂದು ಯಾರ ಕಡೆಗೂ ತಿರುಗದೆ ಹೇಳಿ ಹೋದ.

ಅಕ್ಕನ ಮನೆಯಲ್ಲಿ ಕಣ್ಣು ಕಾಣದ ತಂಗಿಯೊಬ್ಬಳಿದ್ದಳು. ದುಡಿಯುವವರು ಬೇರೆ ಯಾರೂ ಇರಲಿಲ್ಲ. ಮರುದಿನ ಅಕ್ಕ ಡಬ್ಬಿಯಲ್ಲಿದ್ದ ಊಟವನ್ನು ಹಾಗೇ ವಾಪಸು ತೆಗೆದುಕೊಂಡು ಹೋದದ್ದನ್ನು ಚಿಕ್ಕಮೇಡಂ ನೋಡಿದಳು. ಅಡ್ಡ ನಿಲ್ಲುವ ದಿನ ಬಂತು ಅಂದುಕೊಂಡಳು.

ಅಡ್ಡ ನಿಲ್ಲುವುದು ಹೇಗೆ ಎಂದು ಯೋಚಿಸಿ ಅವಳು ಕಂಡುಕೊಂಡ ದಾರಿ ಕಲಿಯುವುದು. ಇಬ್ಬರ ಕೆಲಸವೂ ಚಕಚಕನೆ ಮುಗಿಯುವಂತಾದರೆ ಚಾರ್ಟ್ ತಡವಾಗುವುದಿಲ್ಲ, ತಡವಾಗದಿದ್ದರೆ ಅಕ್ಕನ ತಂಟೆಗೆ ಯಾರೂ ಬರುವುದಿಲ್ಲ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಕಂಪ್ಯೂಟರ್ ಶೀಟಿನ ಪಾಠದ ವಿಡಿಯೋ ನೋಡಿದಳು. ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಬಾಯಿಪಾಠ ಮಾಡಿದಳು. ಗಂಡನದು ಮಿಕ್ಸಿ, ಕುಕ್ಕರ್ ರಿಪೇರಿಯ ಅಂಗಡಿ. ಈಚೆಗೆ ಗಿರಾಕಿಗಳು ಕಡಿಮೆಯಾಗಿ ಅವನು ಬೇಗ ಮನೆಗೆ ಬರುತ್ತಿದ್ದ. ಚೀಟಿ ಹಿಡಿದು ಪರೀಕ್ಷೆ ಮಾಡುವ ಕೆಲಸ ಅವನದು.

"ಕಂಟ್ರೋಲ್ ಡಿ?"

"ಮೇಲಿರೋದನ್ನ ಕೆಳಗಡೆ ಪೂರ್ತಿ ತುಂಬು."

"ಎಫ್ ಫೋರ್?"

"ಡಾಲರ್ ಗುರುತು ಬೀಳತ್ತೆ. ಫಾರ್ಮುಲಾ ಎಲ್ಲಿಗೆ ಎಳೆದ್ರೂ ಪಟ್ಟಿ ಕದಲಲ್ಲ."

"ಕಂಟ್ರೋಲ್ ಝಡ್?"

"ಮಾಡಿದ್ದನ್ನ ವಾಪಸ್ ತಗೋ."

"ಅಯ್ಯೋ, ಇದನ್ನ ಮದುವೆ ಮಂಟಪದಲ್ಲೇ ಹೇಳ್ಕೊಡೋದಲ್ವೇನೇ?"

"ರೀ, ಚಾಕು ನನ್ನ ಕೈಲಿದೆ, ಸ್ವಲ್ಪ ನೋಡ್ಕೊಂಡು ಮಾತಾಡಿ."

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ನಕ್ಕು, ನಗುವಿನ ಬೆನ್ನಿಗೇ ಕೆಮ್ಮಿದಳು. ಅವಳ ಎದೆ ಹುಟ್ಟಿದಾಗಿನಿಂದಲೂ ಅಷ್ಟಕ್ಕಷ್ಟೇ. ಔಷಧಿ ತಪ್ಪಿಸುವಂತಿರಲಿಲ್ಲ.

ಮೊದಮೊದಲು ಎಲ್ಲ ಎಡವಟ್ಟೇ. ಒಮ್ಮೆ ಆ ಡಾಲರ್ ಗುರುತನ್ನೇ ಮರೆತು ಫಾರ್ಮುಲಾ ಎಳೆದಳು. ಎಳೆದ ಹಾಗೆಲ್ಲ ಪಟ್ಟಿಯೂ ಒಂದೊಂದು ಸಾಲು ಕೆಳಗೆ ಜಾರಿ, ಕೊನೆಯ ಡ್ರೈವರುಗಳಿಗೆ ಹೆಸರೇ ಇಲ್ಲದಂತಾಯಿತು. ಆದರೂ ಬಿಡಲಿಲ್ಲ. ಕಡೆಗೊಂದು ದಿನ ವಿ-ಲುಕಪ್ ಎಂಬ ಫಾರ್ಮುಲಾ ಕೈಗೆ ಹತ್ತಿತು. ಬಿಲ್ಲೆ ನಂಬರ್ ಒಂದನ್ನು ಹೊಡೆದರೆ ಸಾಕು, ಅದು ದೊಡ್ಡ ಪಟ್ಟಿಗೆ ಹೋಗಿ ಹುಡುಕಿ ಹೆಸರು, ವಾರದ ರಜೆ, ಹಿಂದಿನ ದಿನದ ಪಾಳಿ ಎಲ್ಲವನ್ನೂ ತಂದು ಪಕ್ಕದಲ್ಲಿ ಕೂರಿಸುತ್ತಿತ್ತು. ರಜೆಯಲ್ಲಿರುವವನ ಸಾಲು ತಾನಾಗೇ ಕೆಂಪಾಗುತ್ತಿತ್ತು.

ಅಕ್ಕನ ಪಾಲಿಗೂ ಅದನ್ನೇ ಹಾಕಿಕೊಟ್ಟಳು. ಆದರೆ ಅಕ್ಕನ ಕಂಡಕ್ಟರುಗಳಲ್ಲಿ ಒಬ್ಬನೂ ಸಿಗಲಿಲ್ಲ. ಸಾಲುಸಾಲಿಗೂ 'ಇಲ್ಲ, ಇಲ್ಲ' ಎಂಬ ತಪ್ಪಿನ ಗುರುತು. ಕಣ್ಣಿಗೆ ನಂಬರುಗಳೆಲ್ಲ ಸರಿಯಾಗೇ ಇದ್ದವು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಅಕ್ಕ ಪ್ರತಿ ನಂಬರಿನ ಮುಂದೆಯೂ ಒಂದು ಖಾಲಿ ಜಾಗ ಬಿಡುತ್ತಿದ್ದಳು.

"ಅದ್ಯಾಕಕ್ಕಾ ಮುಂದೆ ಜಾಗ ಬಿಡ್ತೀರಿ?"

"ಇಲ್ದಿದ್ರೆ ಪ್ರಿಂಟಲ್ಲಿ ನಂಬರ್ ಹೋಗಿ ಗೆರೆಗೆ ಅಂಟ್ಕೊಳ್ಳತ್ತೆ ಕಣೇ. ಕತ್ತಲಲ್ಲಿ ಬ್ಯಾಟರಿ ಬಿಟ್ಕೊಂಡು ಓದೋರು ಅವರು. ಉಸಿರಾಡೋಕೆ ಒಂಚೂರು ಜಾಗ ಬೇಡ್ವಾ?"

ಬಿಡಬೇಡಿ ಎನ್ನಲು ಚಿಕ್ಕಮೇಡಂಗೆ ಬಾಯಿ ಬರಲಿಲ್ಲ. ಫಾರ್ಮುಲಾದೊಳಗೆ ಟ್ರಿಮ್ ಎಂಬ ಇನ್ನೊಂದನ್ನು ಸೇರಿಸಿದಳು. ಹುಡುಕುವಾಗ ಅದು ಖಾಲಿ ಜಾಗವನ್ನು ಕತ್ತರಿಸಿಕೊಂಡು ನೋಡುತ್ತಿತ್ತು. ಚಾರ್ಟಿನಲ್ಲಿ ಅಕ್ಕನ ಜಾಗ ಹಾಗೇ ಉಳಿಯಿತು. ಮರುಕ್ಷಣ ಕಂಡಕ್ಟರುಗಳೆಲ್ಲ ಒಟ್ಟಿಗೇ ಬಂದು ಸಾಲಿನಲ್ಲಿ ನಿಂತರು.

ಅಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. "ಇಷ್ಟು ವರ್ಷ ಇವರನ್ನೆಲ್ಲ ನಾನು ಒಬ್ಬೊಬ್ಬರನ್ನೇ ಕೈ ಹಿಡಿದು ಕರ್ಕೊಂಡು ಬರ್ತಿದ್ದೆ. ಕೂಗಿದ್ರೆ ಬರ್ತಾರೆ ಅಂತ ಗೊತ್ತೇ ಇರಲಿಲ್ಲ ನೋಡು."

ಅಲ್ಲಿಂದಾಚೆ ಚಾರ್ಟ್ ಒಂದು ದಿನವೂ ತಡವಾಗಲಿಲ್ಲ. ಗಡ್ಡದ ಕಂಡಕ್ಟರ್‌ಗೆ ಕಿಟಕಿಯ ಮುಂದೆ ಮಾತಿಗೆ ವಿಷಯವೇ ಇಲ್ಲದಂತಾಯಿತು. ಚಿಕ್ಕಮೇಡಂ ನೆಮ್ಮದಿಯಾಗಿದ್ದದ್ದು ಅಷ್ಟು ದಿನ.

ತಂಗಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಅಕ್ಕ ಒಂದು ದಿನ ರಜೆ ಹಾಕಿದಳು. ಆಕೆ ಇಲ್ಲದ್ದು ಯಾರಿಗೂ ಗೊತ್ತಾಗಬಾರದು, ಮ್ಯಾನೇಜರ್ ಬಾಯಿ ತೆರೆಯಬಾರದು ಎಂದು ಚಿಕ್ಕಮೇಡಂ ಬೆಳಗಿನಿಂದ ತಲೆ ಎತ್ತದೆ ಎರಡೂ ಪಾಲು ಮಾಡಿದಳು. ಮೌಸ್ ಮುಟ್ಟಲೇ ಇಲ್ಲ. ಊಟದ ಡಬ್ಬಿ ತೆರೆಯುವ ಮೊದಲೇ ಚಾರ್ಟ್ ಬೋರ್ಡಿನ ಮೇಲಿತ್ತು. ಡ್ರೈವರುಗಳು ಬಂದು ತಾರೀಖೂ ನೋಡದೆ, ಇದು ನಿನ್ನೆಯದಿರಬೇಕು ಎಂದು ವಾಪಸು ಹೋದರು.

ಮರುದಿನ ಅಕ್ಕ ಬಂದ ಕೂಡಲೇ ಓಡಿಹೋಗಿ ಹೇಳಿದಳು. "ಅಕ್ಕಾ, ನೀವು ರಜಾ ಅಂತ ಒಬ್ಬರಿಗೂ ಗೊತ್ತಾಗಿಲ್ಲ! ಹೆಂಗೆ ಮುಗಿಸ್ದೆ ಗೊತ್ತಾ?"

"ಎಷ್ಟೊತ್ತಿಗೆ ಅಂಟಿಸ್ದೆ?"

"ಊಟಕ್ಕೆ ಮುಂಚೆ!"

ದಿಂಬು ಸರಿಮಾಡುತ್ತಿದ್ದ ಅಕ್ಕನ ಕೈ ನಿಂತಿತು.

"ಊಟಕ್ಕೆ ಮುಂಚೆನಾ... ಅಯ್ಯೋ ಹುಚ್ಚಿ. ಹುಚ್ಚಿ ಕಣೇ ನೀನು."

"ಯಾಕಕ್ಕಾ?"

ಅಕ್ಕ ಕೂತಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೀನು ಮಗೂನ ಹಿಡ್ಕೊಂಡು ಆಸ್ಪತ್ರೆಲಿದ್ಯಲ್ಲ, ಆಗ ಎರಡೂ ಪಾಲು ಸಂಜೆಯೊಳಗೆ ಮುಗಿಸೋಕೆ ನನಗೆ ಆಗ್ತಿರಲಿಲ್ಲ ಅಂದ್ಕೊಂಡಿದ್ಯಾ? ಆಗ ನನ್ನ ಕೈ ಹೆಂಗೆ ಓಡ್ತಿತ್ತು, ನೀನೇ ನೋಡಿಲ್ವಾ? ಬೇಕಂತಲೇ ತಡ ಮಾಡ್ತಿದ್ದೆ. ಬರೆದಿಟ್ಟಿದ್ದನ್ನ ಮೇಜಿನೊಳಗೆ ಇಟ್ಕೊಂಡು ಕೂತಿರ್ತಿದ್ದೆ. ದಿನಾ ಗಲಾಟೆ, ದಿನಾ ಬೈಗುಳ. ಆಗಿನ ಮ್ಯಾನೇಜರ್ ಬಂದು ಕೂಗಾಡಿದಾಗೆಲ್ಲ ಒಂದೇ ಮಾತು ಹೇಳ್ತಿದ್ದೆ, ಒಬ್ಬಳ ಕೈಲಿ ಆಗಲ್ಲ ಸಾರ್, ಅವಳು ಬರ್ಲಿ ಅಂತ. ನಿನ್ನ ಕುರ್ಚಿ ಉಳ್ಕೊಂಡಿದ್ದು ಹಂಗೆ."

ಚಿಕ್ಕಮೇಡಂ ತನ್ನ ಕುರ್ಚಿಯ ಕಡೆ ತಿರುಗಿ ನೋಡಿದಳು.

"ಹೋಗ್ಲಿ ಬಿಡು. ಮ್ಯಾನೇಜರ್ ನೋಡಿರ್ಲಿಕ್ಕಿಲ್ಲ" ಎಂದಳು ಅಕ್ಕ.

ಮ್ಯಾನೇಜರ್ ನೋಡಿದ್ದ. ವಾರ ಕಳೆಯುವ ಮೊದಲೇ ಚಿಕ್ಕಮೇಡಂಗೆ ಕರೆ ಬಂತು. ಕೋಣೆಗೆ ಹೋದರೆ ಎದ್ದು ನಿಂತು ಕೂರಿಸಿದ, ಚಹಾ ತರಿಸಿದ.

"ಅವತ್ತು ಚಾರ್ಟ್ ಮಧ್ಯಾಹ್ನಕ್ಕೇ ಬಿತ್ತು."

"ಅವತ್ತು ಕೆಲಸ ಕಮ್ಮಿ ಇತ್ತು ಸಾರ್."

"ಯಾಕೆ, ಬಸ್ಸು ಕಮ್ಮಿ ಓಡಿದ್ವಾ?" ಮ್ಯಾನೇಜರ್ ಮೊದಲ ಸಲ ನಕ್ಕ. "ಹೆದರ್ಕೋಬೇಡಿ, ಒಳ್ಳೇದಕ್ಕೇ ಕರೆದಿದ್ದು. ನಿಮ್ಮ ಶೀಟನ್ನ ಹೆಡ್ ಆಫೀಸಿಗೆ ಕಳಿಸ್ದೆ. ಎಲ್ಲಾ ಡಿಪೋಗೂ ಅದನ್ನೇ ಕೊಡ್ತಾರಂತೆ. ಇನ್ಮೇಲೆ ಡ್ಯೂಟಿ ಕೋಣೆಗೆ ಒಬ್ಬರೇ ಸಾಕು ಅಂತ ಆರ್ಡರ್ ಬಂದಿದೆ."

ಅವಳು ಚಹಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ಸಾರ್, ಅಕ್ಕ ಇಲ್ದೆ ಆಗಲ್ಲ ಸಾರ್. ಯಾರು ಯಾರ ಜೊತೆ ಹೋದ್ರೆ ಜಗಳ ಆಗತ್ತೆ, ಯಾರ ಮನೇಲಿ ಕಾಯಿಲೆಯವರಿದ್ದಾರೆ, ಯಾರಿಗೆ ಬೆಳಗಿನ ಪಾಳಿ ಹಾಕಬಾರದು, ಎಲ್ಲಾ ಅವರಿಗೇ ಗೊತ್ತಿರೋದು."

"ಅದಕ್ಕೂ ಒಂದು ಕಾಲಂ ಹಾಕಿಬಿಡಿ."

"ಅವರಿಗೆ ಬೇರೆ ಗತಿಯಿಲ್ಲ ಸಾರ್. ಹೆಂಗಾದ್ರೂ ಮಾಡಿ ಅವರನ್ನ..."

ಮ್ಯಾನೇಜರ್ ಕೆಟ್ಟವನೇನಲ್ಲ. ಮೇಜಿನ ಮೇಲಿನ ಕಾಗದವನ್ನು ಅವಳ ಕಡೆಗೆ ತಿರುಗಿಸಿದ. "ಒಬ್ಬರು ಅಂತ ಇದೆ. ಯಾರು ಅಂತ ಇಲ್ಲ. ನೀವು ಬಿಡ್ತೀನಿ ಅಂದ್ರೆ ನಾನು ಅವರನ್ನೇ ಇಟ್ಕೋತೀನಿ. ಶೀಟ್ ಹೇಗೂ ಇದೆ, ನಂಬರ್ ಹೊಡೆದ್ರೆ ಆಯ್ತು, ಅಷ್ಟು ಅವರಿಗೂ ಬರತ್ತೆ. ಹೇಳಿ."

ಅದು ನಿಜ. ಅಕ್ಕ ಒಂದೇ ಬೆರಳಿನಲ್ಲಿ ಹೊಡೆದರೂ ಚಾರ್ಟ್ ಸಂಜೆಯೊಳಗೆ ಮುಗಿಯುತ್ತಿತ್ತು. ಹಾಗೆ ಮುಗಿಯಲಿ ಎಂದೇ ತಾನೇ ಆ ಶೀಟನ್ನು ಕಟ್ಟಿದ್ದು.

ಹೂಂ ಅನ್ನಬೇಕು ಅಂದುಕೊಂಡಳು. ಗಂಡನ ಅಂಗಡಿಯ ಅರ್ಧ ಎಳೆದ ಷಟರ್ ಕಣ್ಣಮುಂದೆ ಬಂತು. ಮಗಳ ಕೆಮ್ಮು ಕೇಳಿಸಿತು. ಕಿಟಕಿಯಾಚೆ ಯಾರೋ ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದರು. "ಬರ್ಲಿ, ಬರ್ಲಿ, ಬರ್ಲಿ, ಸಾಕು" ಎಂದು ಇನ್ಯಾರೋ ಕೂಗುತ್ತಿದ್ದರು. ಅವಳು ಚಹಾ ಬಟ್ಟಲನ್ನೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತು ಕಾದು ಮ್ಯಾನೇಜರ್ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಪೆನ್ನಿನ ಕ್ಯಾಪ್ ತೆಗೆದ.

ಕೋಣೆಗೆ ಮರಳಿದಾಗ ಅಕ್ಕನಿಗೆ ಮುಖ ನೋಡಿಯೇ ಗೊತ್ತಾಯಿತು.

"ನನ್ನ ಕುರ್ಚಿನಾ?"

"ಹೇಳ್ದೆ ಅಕ್ಕಾ. ಎಷ್ಟು ಹೇಳಿದ್ರೂ ಕೇಳಲಿಲ್ಲ."

"ನೀನು ಹೇಳ್ದೆ ತಾನೇ? ಸಾಕು ಬಿಡು." ಅಕ್ಕ ಅವಳ ಬೆನ್ನು ಸವರಿದಳು. "ನೀನಿರೋ ಗಾತ್ರಕ್ಕೆ ಅದೇ ಹೆಚ್ಚು."

ತಿಂಗಳ ಕೊನೆಯ ದಿನವೂ ಅಕ್ಕ ಕಂಡಕ್ಟರುಗಳ ನಂಬರನ್ನು ಒಂದೇ ಬೆರಳಿನಲ್ಲಿ, ಪ್ರತಿಯೊಂದರ ಮುಂದೆಯೂ ಜಾಗ ಬಿಟ್ಟು ಹೊಡೆದಳು. ಚಾರ್ಟ್ ಅಂಟಿಸಿ, ನೀಲಿ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಗೇಟು ದಾಟಿದಳು. ಗಡ್ಡದ ಕಂಡಕ್ಟರ್ ಬಸ್ ನಿಲ್ದಾಣದವರೆಗೂ ಮಾತಿಲ್ಲದೆ ಜೊತೆಗೆ ನಡೆದ. ಖಾಲಿ ಕುರ್ಚಿಯನ್ನು ಮರುದಿನ ಮ್ಯಾನೇಜರ್ ಕೋಣೆಗೆ ಸಾಗಿಸಿದರು.

ಈಗ ಚಾರ್ಟ್ ದಿನಾ ಊಟಕ್ಕೆ ಮುಂಚೆಯೇ ಬೀಳುತ್ತದೆ. ಮಧ್ಯಾಹ್ನದ ಮೇಲೆ ಮಾಡಲಿ ಎಂದು ಇನ್ನೊಂದು ಡಿಪೋದ ಚಾರ್ಟನ್ನೂ ಚಿಕ್ಕಮೇಡಂಗೆ ಕೊಟ್ಟಿದ್ದಾರೆ. ಅಲ್ಲಿದ್ದವರು ಯಾರೆಂದು ಅವಳು ಕೇಳಿಲ್ಲ.

"ಚಿಕ್ಕಮೇಡಂ, ನಂಬರೆಲ್ಲ ಗೆರೆಗೆ ಅಂಟಿದೆ, ಏನೂ ಕಾಣ್ತಿಲ್ಲ" ಎಂದು ಆಗಾಗ ಯಾರಾದರೂ ಕಿಟಕಿಗೆ ಬಂದು ಹೇಳುತ್ತಾರೆ. ನೋಡ್ತೀನಿ ಅನ್ನುತ್ತಾಳೆ.

ಅಡ್ಡ ನಿಲ್ಲುತ್ತೇನೆ ಎಂದು ಮಾತು ಕೊಟ್ಟಿದ್ದಳು. ನಿಲ್ಲಲಿಲ್ಲ.