ಮನೆಗೆ ಬಂದಿರಲಿಲ್ಲ

ಬೂಟುಗಳ ಮೂತಿ ಯಾವಾಗಲೂ ಬೀದಿಯ ಕಡೆಗಿರುತ್ತಿತ್ತು. ನನ್ನ ಗಂಡ ಮನೆಗೆ ಬಂದರೆ ಹೊಸ್ತಿಲ ಹೊರಗೆ ಬೆನ್ನು ತಿರುಗಿಸಿ ನಿಂತು, ಬೂಟು ಕಳಚಿ, ಹಾಗೆಯೇ ಹಿಂದಕ್ಕೆ ಹೆಜ್ಜೆಯಿಟ್ಟು ಒಳಗೆ ಬರುತ್ತಿದ್ದರು. ಅಗ್ನಿಶಾಮಕ ಠಾಣೆಯವರೆಲ್ಲ ಹಾಗೆಯೇ. ಗಂಟೆ ಬಾರಿಸಿದರೆ ಬೂಟು ತಿರುಗಿಸಿಕೊಳ್ಳುವಷ್ಟು ಹೊತ್ತೂ ಕಳೆಯಬಾರದು. ಮದುವೆಯಾದ ಹೊಸತರಲ್ಲಿ ನನಗೆ ಅದನ್ನು ನೋಡಿದರೆ ಅಳುಕು. ಬಂದವರು ಆಗಲೇ ಹೊರಟು ನಿಂತಂತೆ. ಒಮ್ಮೆ ಅವರು ಮಲಗಿದ ಮೇಲೆ ಮೆಲ್ಲಗೆ ಒಳಮುಖವಾಗಿ ತಿರುಗಿಸಿಟ್ಟೆ. ಅಂದೇ ಗಂಟೆ ಬಾರಿಸಬೇಕೆ? ಅವರು ಎಡವಿ, ನಗುತ್ತ, "ಓದಿದೋಳು ನೀನು, ಬೂಟಿಗೂ ಪಾಠ ಹೇಳ್ತೀಯಾ?" ಎಂದು ಓಡಿದರು.

ನಾವಿದ್ದದ್ದು ಠಾಣೆಯ ಹಿಂದಿನ ಓಣಿಯಲ್ಲಿ. ನಾನು, ಅವರು, ಅತ್ತೆ ಪುಟ್ಟಗೌರಮ್ಮ. ಊರಿನ ಹತ್ತಿ ಗೋದಾಮಿಗೆ ಬೆಂಕಿ ಬಿದ್ದದ್ದು ಮಾಗಿಯ ಒಂದು ಬೆಳಗ್ಗೆ. ಅತ್ತೆ ಹಿಂದಿನ ದಿನವಷ್ಟೇ ತಂಗಿಯ ಊರಿಗೆ ಹೋಗಿದ್ದರು. ಗೋಡೆ ಕುಸಿದಾಗ ಒಳಗಿದ್ದವರು ನನ್ನ ಗಂಡ ಒಬ್ಬರೇ.

ಸುದ್ದಿ ತಿಳಿದು ಮಧ್ಯಾಹ್ನಕ್ಕೆ ಬಂದಿಳಿದ ಅತ್ತೆ ಅಳಲಿಲ್ಲ. ಒಳಕೋಣೆಯ ಗೋಡೆಗೆ ಒರಗಿ ಕುಳಿತು ಒಂದೇ ಮಾತು ಹೇಳಿದರು. "ಊರಿಗೋಸ್ಕರ ಹೋದ ನನ್ನ ಮಗ. ಊರೇ ಹೊರಲಿ. ಚಂದಾ ಎತ್ತಿ ಅವನ್ನ ಕಳಿಸೋದು ಬೇಡ."

ಅದಕ್ಕೊಂದು ಸರ್ಕಾರಿ ಆದೇಶವಿತ್ತು. ಕರ್ತವ್ಯದಲ್ಲಿದ್ದಾಗ ಸತ್ತವರ ಅಂತ್ಯಕ್ರಿಯೆ ಸರ್ಕಾರದ ಖರ್ಚಿನಲ್ಲಿ ನಡೆಯತಕ್ಕದ್ದು. ಕಟ್ಟಿಗೆ, ಬಿಳಿ ಬಟ್ಟೆ, ಹೂವು, ವಾಹನ, ಕುಶಾಲು ತೋಪು, ಎಲ್ಲವೂ. ಠಾಣಾಧಿಕಾರಿ ಮರಿಯಪ್ಪನವರು ಒಂದು ಹಾಳೆ ಹಿಡಿದು ಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತರು.

"ರಾತ್ರಿ ಪಾಳಿ ಆರಕ್ಕೆ ಮುಗೀತಮ್ಮ. ಗಂಟೆ ಹೊಡೆದದ್ದು ಆರೂಮುಕ್ಕಾಲಿಗೆ. ಪಾಳಿ ಮುಗಿದ್ರೂ ಠಾಣೇಲೇ ಉಳಿದೋರು ಡ್ಯೂಟೀಲಿದ್ದಂಗೇ. ಮನೆಗೆ ಹೋಗಿ ವಾಪಸ್ ಬಂದೋರು ಮಾತ್ರ ಪುಸ್ತಕದಲ್ಲಿ ಮತ್ತೆ ಸಹಿ ಹಾಕ್ಬೇಕು."

"ಅವರು ಹಾಕಿಲ್ವಾ?"

"ಗಂಟೆ ಹೊಡೆದಾಗ ಯಾರಮ್ಮ ಪುಸ್ತಕ ತೆಗೀತಾರೆ? ಗಾಡಿ ಹತ್ತಿ ಹೋಗ್ತೀವಿ, ವಾಪಸ್ ಬಂದು ಸಹಿ ಹಾಕ್ತೀವಿ. ನಮ್ಮಲ್ಲಿ ಮೊದಲಿಂದ್ಲೂ ಹಂಗೇ..." ವಾಪಸ್ ಎಂಬ ಮಾತು ಅವರಿಗೇ ಚುಚ್ಚಿರಬೇಕು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

ಒಲೆಯ ಪಕ್ಕದಲ್ಲಿ ಒಂದು ತಟ್ಟೆಯಿತ್ತು. ಅದರಲ್ಲಿ ಮುರಿದ ಅರ್ಧ ರೊಟ್ಟಿ. ಅವರ ಕಣ್ಣು ಅಲ್ಲಿಗೆ ಹೋಗಿ ಒಂದು ಕ್ಷಣ ನಿಂತದ್ದನ್ನು ನೋಡಿ, ನಾನು ಮುಚ್ಚಳ ಎಳೆದು ಮುಚ್ಚಿದೆ. ಅವರು ನೆಲ ನೋಡುತ್ತ ಕೇಳಿದರು: "ನಿನ್ನೆ ಸಂಜೆ ಹೋದೋನು ಮತ್ತೆ ಮನೆಗೆ ಬಂದಿರ್ಲಿಲ್ಲ. ಅಲ್ವೇನಮ್ಮ?"

ಮಾತನ್ನು ಅಳೆದು ಆಡುವ ಹೆಣ್ಣು ನಾನು. ಅಂದು ಅಳೆಯಲಿಲ್ಲ. "ಬಂದಿರಲಿಲ್ಲ" ಎಂದೆ. ಹಾಗೆಯೇ ನನ್ನ ಕೈಬರಹದಲ್ಲಿ ಬರೆದು ಸಹಿ ಹಾಕಿದೆ.

ಒಳಗಿನಿಂದ ಅತ್ತೆಯ ದನಿ ಬಂತು. "ಹಂಗಾದ್ರೆ ಏನೂ ತಿನ್ನದೇ ಹೋದ್ನಾ?"

ಮರಿಯಪ್ಪನವರು ನನ್ನನ್ನು ನೋಡಿದರು. ಶಾಯಿ ಇನ್ನೂ ಒಣಗಿರಲಿಲ್ಲ. ನಾನು ಹಾಳೆಯನ್ನು ಅವರತ್ತ ಸರಿಸಿದೆ.

ಮರುದಿನ ಕೆಂಪು ವಾಹನದ ಮೇಲೆ ಅವರನ್ನು ಕರೆದೊಯ್ದರು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹೆಸರೂ ಗೊತ್ತಿಲ್ಲದ ಜನ ಬಿಸಿಲಲ್ಲಿ ಕೈಮುಗಿದು ನಿಂತಿದ್ದರು. ಊರೇ ಹೊತ್ತಿತು. ಅತ್ತೆ ಕೇಳಿದ್ದು ನಡೆಯಿತು. ಠಾಣೆಯ ಗೋಡೆಗೆ ಒಂದು ಕಲ್ಲು ಹಾಕಿ, ಕರ್ತವ್ಯದಲ್ಲಿ ಮಡಿದವರೆಂದು 'ಕೆಂಪರಾಜು' ಎಂಬ ಅವರ ಹೆಸರು ಕೆತ್ತಿಸಿದರು. ಬೂಟುಗಳು ಮಾತ್ರ ಹಿಂದಿರುಗಲಿಲ್ಲ. ಹಿಂದಿರುಗಿಸುವಂತೆ ಅವು ಉಳಿದಿರಲಿಲ್ಲ. ಹೊಸ್ತಿಲ ಹೊರಗೆ ಅವು ಇರುತ್ತಿದ್ದ ಜಾಗವನ್ನು ನಾನು ದಾಟಿಯೇ ನಡೆಯುತ್ತಿದ್ದೆ.

ಅತ್ತೆ ಬೆಳಗಿನ ತಿಂಡಿ ಬಿಟ್ಟರು. "ನನ್ನ ಮಗ ಹಸ್ಕೊಂಡು ಹೋದ ಹೊತ್ತು" ಎನ್ನುತ್ತಿದ್ದರು. ಮಧ್ಯಾಹ್ನದವರೆಗೆ ಒಂದು ಲೋಟ ನೀರು, ಅಷ್ಟೇ. ದಿನವೂ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ, ದಿನವೂ ಹೆದರುತ್ತಿದ್ದೆ. ನಲ್ಲಿಯ ಹತ್ತಿರ ಅವರು ಯಾರಿಗಾದರೂ ಹೇಳಿದರೆ? ಮಾತು ಕಚೇರಿಗೆ ಹೋದರೆ? ಕಲ್ಲಿನಿಂದ ಆ ಹೆಸರನ್ನು ಉಳಿಯಿಟ್ಟು ತೆಗೆಯುವ ಸದ್ದು ಕನಸಿನಲ್ಲಿ ಕೇಳಿ ಎದ್ದು ಕೂತದ್ದುಂಟು. ಪಾಳಿ ಮುಗಿದು ಗಂಟೆ ಹೊಡೆಯುವವರೆಗಿನ ಆ ಮುಕ್ಕಾಲು ಗಂಟೆ ನನಗೂ ಬೇಕಿತ್ತು. ನನಗೆ ಸಿಕ್ಕ ಅವರ ಕೊನೆಯ ಹೊತ್ತು ಅದು. ಯಾರೊಂದಿಗೂ ಆಡದೆ ಆಡದೆ, ಅದು ನಿಜವಾಗಿ ನಡೆದಿತ್ತೋ ಇಲ್ಲವೋ ಎಂದು ನನಗೇ ಅನುಮಾನ ಬರತೊಡಗಿತ್ತು.

ಹನ್ನೊಂದನೆಯ ವರ್ಷದ ಒಂದು ಬೆಳಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತಲೆ ತಿರುಗಿ ಕುಸಿದರು. ಎಬ್ಬಿಸಿ ಕೂರಿಸಿ, ಆಗಲೇ ಬೇಯಿಸಿಟ್ಟಿದ್ದ ರೊಟ್ಟಿ, ಹುಚ್ಚೆಳ್ಳು ಪುಡಿ ಹಾಕಿ ಕೊಟ್ಟೆ. ತಟ್ಟೆ ದೂಡಿದರು.

"ಅತ್ತೆ, ಅವರು ಅವತ್ತು ಬಂದಿದ್ರು. ತಿಂದ್ಕೊಂಡೇ ಹೋದ್ರು."

ಬಹಳ ಹೊತ್ತು ಅವರು ನನ್ನ ಮುಖ ನೋಡಿದರು.

"ಹನ್ನೊಂದು ವರ್ಷ ಕಣೆ," ಎಂದರು. "ಹನ್ನೊಂದು ವರ್ಷ ನನ್ನ ಮಗನ್ನ ಹಸಿದ ಹೊಟ್ಟೇಲಿ ಇಟ್ಟಿದ್ದೆಯಲ್ಲೇ."

ಕಾವಲಿಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಎದ್ದು ತೆಗೆಯಲೂ ಆಗಲಿಲ್ಲ.

"ಆ ಕಲ್ಲಿಗೋಸ್ಕರನಾ?"

"ನೀವೇ ಹೇಳಿದ್ರಿ, ಊರೇ ಹೊರಲಿ ಅಂತ. ಯಾರಿಗೂ ಹೇಳ್ಬೇಡಿ ಅತ್ತೆ."

"ನಾನೇನು ಡಂಗುರ ಸಾರ್ತೀನಾ?" ತಟ್ಟೆಯತ್ತ ನೋಡಿ, "ಎಷ್ಟು ತಿಂದ?" ಎಂದರು.

"ಎರಡು. ಮೂರನೇದು ಮುರಿದಾಗ ಗಂಟೆ ಹೊಡೀತು."

"ನಂಜ್ಕೊಳಕ್ಕೆ?"

"ನೀವು ಕುಟ್ಟಿಟ್ಟು ಹೋಗಿದ್ದ ಹುಚ್ಚೆಳ್ಳು ಪುಡಿ. ಖಾರ ಜಾಸ್ತಿ ಅಂದ್ರು."

"ಅಂದಿರ್ತಾನೆ. ಅಂದ್ಕೊಂಡೇ ಮೂರು ಸಲ ಹಾಕಿಸ್ಕೊಂಡಿರ್ತಾನೆ."

"ನಾಲ್ಕು ಸಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವರ ಭುಜಗಳು ನಗು ಮುಗಿದ ಮೇಲೂ ಅಲುಗುತ್ತಿದ್ದವು. ಆಮೇಲೆ ಕಣ್ಣೊರೆಸಿಕೊಂಡು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಒಂದು ತುತ್ತು ಮುರಿದು ಪುಡಿಯಲ್ಲಿ ಅದ್ದಿದರು.

"ಮೊದಲಿಂದ ಹೇಳು. ಬಾಗಿಲು ತಟ್ಟಿದ್ನಾ, ಕೂಗಿದ್ನಾ?"

"ಕೂಗಿದ್ರು. ನಿಮ್ಮನ್ನೇ ಕೂಗಿದ್ರು. ನೀವು ಊರಿಗೆ ಹೋಗಿರೋದು ಮರ್ತು, ಅವ್ವಾ ಅಂತ."

ತುತ್ತು ಹಿಡಿದ ಕೈ ಅರ್ಧದಲ್ಲಿ ನಿಂತಿತು. ಅತ್ತೆ ಬಾಗಿಲ ಕಡೆ ನೋಡಿದರು. ಹೊರಗೆ ಎಳೆಬಿಸಿಲು ಓಣಿಯ ಗೋಡೆಯನ್ನು ಇನ್ನೂ ಇಳಿಯುತ್ತಿತ್ತು.

"ಓ," ಎಂದರು ಮೆಲ್ಲಗೆ, ಆ ಕೂಗು ಈಗಷ್ಟೇ ಕೇಳಿಸಿತೆಂಬಂತೆ. ಮತ್ತೆ ತುತ್ತನ್ನು ಬಾಯಿಗಿಟ್ಟುಕೊಂಡರು.