ಸಮುದ್ರದ ದಾರಿಗೆ ಒಂದು ಹೂಂ

ನನ್ನ ಗಂಡನಿಗೆ ಮಾತೇ ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಂದು ಮಾತು ಬರುತ್ತದೆ. ಹೂಂ. ಚುಟುಕಾಗಿ ಅಂದರೆ ಹೌದು. ಉದ್ದಕ್ಕೆ ಎಳೆದರೆ ನೋಡೋಣ, ಅಂದರೆ ಆಗಲ್ಲ. ಮೂಗಿನಲ್ಲೇ ಮುಗಿಸಿದರೆ ನಾನು ಹೇಳಿದ್ದು ಅವರ ಕಿವಿಗೇ ಬಿದ್ದಿಲ್ಲ. ಮದುವೆಯಾದ ಹೊಸದರಲ್ಲೇ ಈ ಭಾಷೆ ಕಲಿತುಬಿಟ್ಟೆ ಎಂದು ನನಗೆ ದೊಡ್ಡ ಜಂಬವಿತ್ತು. ಆ ಜಂಬ ಇಳಿದದ್ದು ಈಚೆಗೆ, ರಸ್ತೆಯ ಒಂದು ಕವಲಿನಲ್ಲಿ.

ಅವರದು ಲಾರಿ ಓಡಿಸುವ ಕೆಲಸ. ಹತ್ತಿರದ್ದಲ್ಲ, ದೂರದ ಲೋಡು. ಹೊರಟರೆ ವಾರಗಟ್ಟಲೆ ಪತ್ತೆಯಿಲ್ಲ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಸುತ್ತಲ ಬೀದಿಯವರ ಬಟ್ಟೆ ಹೊಲಿಯುತ್ತಿದ್ದೆ. ಹಗಲೆಲ್ಲ ಜನ. ಅಳತೆ ಕೊಡುವವರು, ಅಳತೆ ತಪ್ಪಿದೆ ಎಂದು ಜಗಳಕ್ಕೆ ಬರುವವರು, ತಾವು ದಪ್ಪಗಾದದ್ದನ್ನು ನನ್ನ ಕತ್ತರಿಯ ತಲೆಗೆ ಕಟ್ಟುವವರು. ದೀಪ ಹಾಕುವ ಹೊತ್ತಿಗೆ ಎಲ್ಲರೂ ಅವರವರ ಮನೆ ಸೇರುತ್ತಿದ್ದರು. ಮಗಳು ಪುಸ್ತಕ ಹಿಡಿದು ಒಳಗೆ ಹೋದರೆ ಉಳಿಯುವುದು ನಾನು ಮತ್ತು ಮೆಷಿನ್ನು. ಆಗ ಫೋನು ಬರುತ್ತಿತ್ತು.

"ಊಟ ಆಯ್ತಾ?" ನಾನು ಕೇಳುತ್ತಿದ್ದೆ.

"ಆಯ್ತು. ನಿಂದು?"

"ಆಯ್ತು."

ನನ್ನದು ಆಗಿರುತ್ತಿರಲಿಲ್ಲ. ಒಬ್ಬಳೇ ತಟ್ಟೆ ಹಾಕಿಕೊಂಡು ಕೂರುವುದು ನನಗೆ ಕೊನೆಗೂ ಒಗ್ಗಲಿಲ್ಲ. ಆದರೆ ಅದನ್ನು ದಾರಿಯಲ್ಲಿರುವ ಮನುಷ್ಯನಿಗೆ ಹೇಳಿ ಏನು ಪ್ರಯೋಜನ?

ಒಂದು ಸಲ ಅವರ ದನಿಯ ಹಿಂದೆ ಬೇರೆ ಸದ್ದು ಕೇಳಿಸಿತು. ದೂರದಿಂದ ಭೋರೆಂದು ಏರಿ ಬಂದು, ಹಾಗೇ ಇಳಿದು, ತುಸು ಹೊತ್ತು ಸುಮ್ಮನಿದ್ದು, ಮತ್ತೆ ಏರಿ ಬರುವ ಸದ್ದು.

"ಅದೇನ್ರೀ ಸದ್ದು? ಸಮುದ್ರನಾ?"

"ಹೂಂ," ಅಂದರು.

ಚುಟುಕು ಹೂಂ. ಅಂದರೆ ಹೌದು.

ನಾನು ಸಮುದ್ರ ಕಂಡವಳಲ್ಲ. ಮಾರನೆಯ ದಿನ ಬಟ್ಟೆ ಕೊಡಲು ಬಂದವರಿಗೆಲ್ಲ, ನಮ್ಮ ಮನೆಯವರು ಸಮುದ್ರದ ದಂಡೆಯಲ್ಲಿದ್ದಾರೆ ಎಂದು ಹೇಳಿದ್ದೇ ಹೇಳಿದ್ದು. ಆ ಕಡೆಗೆ ಲೋಡು ಹೋದಾಗೆಲ್ಲ ಅವರು ಅಲ್ಲಿಂದಲೇ ಫೋನು ಮಾಡುತ್ತಿದ್ದರು. ನಾನು ಮೆಷಿನ್ನಿನಿಂದ ಕಾಲು ತೆಗೆದು, ಉಸಿರು ಬಿಗಿಹಿಡಿದು, ಅವರ ಮಾತಿಗಿಂತ ಹೆಚ್ಚಾಗಿ ಆ ಸದ್ದು ಕೇಳುತ್ತಿದ್ದೆ. ಸಮುದ್ರ ಹೇಗಿದೆ ಎಂದು ಕೇಳಿದರೆ, ಇದೆ, ಅನ್ನುತ್ತಿದ್ದರು. ಖುಷಿಯಾಗುತ್ತಿತ್ತು. ಹೊಟ್ಟೆಯೂ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ನಾನಿಲ್ಲಿ ಗುಂಡಿ ಹಚ್ಚಿ ಹಚ್ಚಿ ಕಣ್ಣು ಕಳೆದುಕೊಳ್ಳುತ್ತಿದ್ದರೆ ಇವರು ಅಲ್ಲಿ ಹೊಟ್ಟೆ ತುಂಬ ತಿಂದು ಕಡಲ ಗಾಳಿ ಕುಡಿಯುತ್ತಿದ್ದಾರೆ ಎಂದು.

ಅವರು ಲಾರಿ ಬಿಟ್ಟು ಮನೆ ಸೇರಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ನಾನು ಮೆಷಿನ್ ಮುಂದೆ, ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ. ದೀಪ ಹಾಕುವ ಹೊತ್ತು ಬಂತೆಂದರೆ ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ನನಗೆ ಸಲಿಗೆ ಇದ್ದದ್ದು ಫೋನಿನೊಳಗಿನ ಗಂಡನ ಜೊತೆ. ಎದುರಿಗೆ ಕೂತವರಿಗೆ ಫೋನು ಮಾಡಲಾಗುತ್ತದೆಯೇ? ಅವರು ಊರಲ್ಲಿಲ್ಲದಾಗ ಒಂಟಿ ಎನ್ನಿಸಿದರೆ ಅದಕ್ಕೊಂದು ಕಾರಣವಾದರೂ ಇತ್ತು. ಈಗ ಕಾರಣ ಮನೆಗೆ ಬಂದು ಕೂತಿತ್ತು, ಒಂಟಿತನ ಮಾತ್ರ ಹೋಗಿರಲಿಲ್ಲ.

ಬೇರೆ ಊರಿನಲ್ಲಿರುವ ಮಗಳು ಒಮ್ಮೆ ಬಂದವಳು ಇದನ್ನೆಲ್ಲ ನೋಡಿದಳು. ಹೋಗುವ ಮುಂಚೆ ಒಂದು ಮೋಟರ್‌ಹೋಮ್ ಬಾಡಿಗೆಗೆ ಗೊತ್ತುಮಾಡಿದಳು. ಹಾಸಿಗೆ, ಒಲೆ, ಪಾತ್ರೆ ತೊಳೆಯುವ ಜಾಗ ಎಲ್ಲ ಒಳಗೇ ಇರುವ ಉದ್ದನೆಯ ವ್ಯಾನು.

"ಅಪ್ಪ, ಗಾಡಿ ನೀನು ಓಡ್ಸು. ದಾರಿ ಮಾತ್ರ ಅಮ್ಮ ಆರಿಸ್ಲಿ. ನಿನ್ನ ಕೈಗೆ ಬಿಟ್ರೆ ಗೋಡೌನಿಂದ ಗೋಡೌನಿಗೆ ಕರ್ಕೊಂಡು ಹೋಗ್ತೀಯ," ಅಂದಳು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾನು ರಸ್ತೆ ನಕ್ಷೆ ಹರಡಿಕೊಂಡೆ. ನೋಡಲು ಚೆನ್ನಾಗಿರುವ ಹೆದ್ದಾರಿಗಳಿಗೆ ಹಸಿರು ಬಣ್ಣ ಕೊಟ್ಟಿದ್ದರು. ಒಂದು ಕಾಡಿನೊಳಗೆ ಹೋಗುತ್ತಿತ್ತು, ಒಂದು ಬೆಟ್ಟ ಹತ್ತಿ ಕೆರೆಯೊಂದನ್ನು ಸುತ್ತಿ ಇಳಿಯುತ್ತಿತ್ತು, ಇನ್ನೊಂದು ಸಮುದ್ರದ ಅಂಚಿಗೇ ಅಂಟಿಕೊಂಡಿತ್ತು. ನಾನು ಯೋಚಿಸಲೂ ಇಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಸಮುದ್ರದ ದಾರಿಯ ಮೇಲೆ ಗೆರೆ ಎಳೆದೆ.

"ಕಾಡಿನ ದಾರಿ ತಂಪಾಗಿರುತ್ತೆ," ಅಂದರು ಅವರು, ನಕ್ಷೆಯ ಕಡೆ ನೋಡದೆ.

"ನಂಗೆ ಸಮುದ್ರ ಬೇಕು. ನೀವು ನಿಂತು ಫೋನ್ ಮಾಡ್ತಿದ್ರಲ್ಲ, ಆ ಜಾಗ ಬೇಕು. ಗಾಡೀಲಿ ಮೊದಲ್ನೇ ಅಡುಗೆ ಅಲ್ಲೇ. ಅಲ್ಲೀವರ್ಗೂ ಒಲೆ ಹಚ್ಚಲ್ಲ."

"ಉಪ್ಪು ಗಾಳಿಗೆ ಗಾಡಿ ತುಕ್ಕು ಹಿಡಿಯುತ್ತೆ."

"ಎರಡು ದಿನಕ್ಕಾ? ಗಾಡೀನ ನೀರಲ್ಲಿ ನೆನೆ ಹಾಕ್ತೀವಾ?"

"ಎತ್ತರದ ಗಾಡಿ. ಗಾಳಿಗೆ ಅಲ್ಲಾಡುತ್ತೆ."

"ಲಾರಿ ಅಲ್ಲಾಡ್ಲಿಲ್ಲ, ಇದು ಅಲ್ಲಾಡುತ್ತಾ?"

ಅದಕ್ಕೆ ಬಂದದ್ದು ಮೂಗಿನ ಹೂಂ.

ಒಂದು ವಾರ ಇದೇ ರಾಗ. ನಾನು ಗೆರೆ ಎಳೆಯುವುದು, ಅವರು ಅಡ್ಡಗಾಲು ಹಾಕುವುದು. ಬೆಟ್ಟದ ದಾರಿಯನ್ನು ಅವರು ಹೊಗಳಿದ್ದನ್ನು ಕೇಳಿದರೆ ಆ ಬೆಟ್ಟ ಅವರ ತವರೇನೋ ಅನ್ನಬೇಕು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಗಂಡಸು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಲಾರಿ ನಿಲ್ಲಿಸುತ್ತಾನೆ, ಈಗ ಹೆಂಡತಿಗೆ ಆ ಜಾಗ ತೋರಿಸಲು ಹಿಂದೇಟು ಹಾಕುತ್ತಾನೆ. ಇದರ ಅರ್ಥವೇನು? ಆ ಸದ್ದನ್ನು ನಂಬಿಕೊಂಡು ನಾನು ಅಷ್ಟೊಂದು ಸಂಜೆಗಳನ್ನು ಕಳೆದಿದ್ದೆ. ಅದರ ಪಕ್ಕದಲ್ಲಿ ಇನ್ನೊಬ್ಬಳು ಕೂತಿದ್ದಳೆಂದರೆ ನನ್ನ ಪಾಲಿಗೆ ಆ ಸಂಜೆಗಳೂ ಉಳಿಯುವುದಿಲ್ಲ. ಕೊನೆಗೆ ತಡೆಯಲಾಗಲಿಲ್ಲ.

"ಅಲ್ಲಿ ಯಾರಿದಾರೆ, ಹೇಳಿಬಿಡಿ," ಅಂದೆ.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಕೋಪ ಬರುತ್ತದೆ ಅಂದುಕೊಂಡೆ, ಬರಲಿಲ್ಲ.

"ಅಲ್ಲಿ ಯಾರೂ ಇರ್ಲಿಲ್ಲ ಕಣೆ," ಅಂದರು. ನಕ್ಷೆ ಮಡಚಿ ನನ್ನ ಕೈಗಿಟ್ಟು, "ಆಯ್ತು, ಅದೇ ದಾರಿ," ಅಂದರು.

ಬೆಳಿಗ್ಗೆ ಹೊರಟೆವು. ಬಾಡಿಗೆ ಗಾಡಿಯಾದರೇನು, ಅದರ ದಿಂಬುಗಳಿಗೆ ಹೊಸ ಹೊದಿಕೆ ಹೊಲಿದುಕೊಂಡು ಬಂದಿದ್ದೆ. ಕೈ ಸುಮ್ಮನಿರುವುದಿಲ್ಲ. ಅವರು ಹೊರಡುವ ಮುಂಚೆ ಒಂದೊಂದು ಟೈರಿಗೂ ಒದ್ದು ನೋಡಿ, ಹತ್ತಿ, ಸ್ಟೇರಿಂಗ್ ಹಿಡಿದರು. ಆ ಮುಖದಲ್ಲಿ ಗೆಲುವು ಕಂಡು ನನಗೆ ಬೇಸರವಾಯಿತು. ಮನೆಯ ಕುರ್ಚಿಯಲ್ಲಿ ಅವರು ಒಂದು ದಿನವೂ ಹಾಗೆ ಕೂತಿರಲಿಲ್ಲ. ದಾರಿಯುದ್ದಕ್ಕೂ ನಾನು ಎಡಕ್ಕೆ ನೋಡಿದೆ, ಅವರು ಎದುರಿಗೆ ನೋಡಿದರು. ಮಧ್ಯಾಹ್ನ ಕಟ್ಟಿಕೊಂಡು ಬಂದದ್ದನ್ನೇ ತಿಂದೆವು. ಹಿಂದೆ ಪಾತ್ರೆಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದವು, ಮುಂದೆ ನಾವಿಬ್ಬರೂ ಗಪ್‌ಚಿಪ್.

ಸೂರ್ಯ ಇಳಿಯುವ ಹೊತ್ತಿಗೆ ರಸ್ತೆ ಕವಲೊಡೆಯಿತು. ದೊಡ್ಡ ಬೋರ್ಡಿನಲ್ಲಿ ಬಾಣದ ಗುರುತು: ಸಮುದ್ರ, ಎಡಕ್ಕೆ. ನಾನು ಸೀಟಿನ ಅಂಚಿಗೆ ಸರಿದು ಕೂತೆ. ಅಷ್ಟರಲ್ಲಿ ಟಿಕ್ ಟಿಕ್ ಸದ್ದು. ನೋಡಿದರೆ ಇವರು ಬಲಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೇ ಗಾಡಿ ಸರಿಸುತ್ತಿದ್ದಾರೆ.

"ರೀ, ಸಮುದ್ರ ಈ ಕಡೆ."

ಅವರು ಬೆಚ್ಚಿಬಿದ್ದವರಂತೆ ಬ್ರೇಕ್ ಒತ್ತಿ ಪಕ್ಕಕ್ಕೆ ನಿಲ್ಲಿಸಿದರು. ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು.

"ಕೈ ತಾನಾಗೇ ಹೋಯ್ತು," ಅಂದರು.

ಆಗ ನಾನು ಇನ್ನೊಂದು ಬೋರ್ಡು ನೋಡಿದೆ. ಸಮುದ್ರದ ದಾರಿ ಶುರುವಾಗುವಲ್ಲೇ ಕಂಬದ ಮೇಲೆ ದುಂಡನೆಯ ತಗಡು. ಅದರಲ್ಲಿ ಲಾರಿಯ ಚಿತ್ರ, ಅದರ ಮೇಲೆ ಅಡ್ಡಗೆರೆ. ಕೆಳಗೆ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಬಣ್ಣ ಮಾಸಿತ್ತು, ಅಂಚು ತುಕ್ಕು ಹಿಡಿದಿತ್ತು. ಇದನ್ನು ಓದಲು ನನಗೆ ತುಂಬ ಹೊತ್ತು ಹಿಡಿಯಿತು.

"ಈ ಬೋರ್ಡು ಹೊಸದಾ?" ಕೇಳಿದೆ. ಹೊಸದು ಅನ್ನಲಿ ಎಂದು ಕಾದೆ.

"ಇಲ್ಲ. ಮೊದಲಿಂದ್ಲೂ ಇದೆ."

"ಮತ್ತೆ ಸಮುದ್ರ?"

"ನಾನೂ ನೋಡಿಲ್ಲ ಕಣೆ."

ಇಂಡಿಕೇಟರ್ ಇನ್ನೂ ಹೊಡೆದುಕೊಳ್ಳುತ್ತಿತ್ತು. ಅವರು ಅದನ್ನು ಆರಿಸಿದರು.

"ನೀನು ಸಮುದ್ರನಾ ಅಂತ ಕೇಳ್ದೆ. ದನೀಲಿ ಅಷ್ಟು ಖುಷಿ ಇತ್ತು. ಹೂಂ ಅಂದೆ. ಆಮೇಲೆ ಅಲ್ಲ ಅನ್ನೋಕಾಗ್ಲಿಲ್ಲ."

ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಯಾರ ಮೇಲೆ ಬಿಡಬೇಕೆಂದು ಹೊಳೆಯಲಿಲ್ಲ. ಎಡಕ್ಕೆ ರಸ್ತೆಯ ತುದಿಯಲ್ಲಿ ಆಕಾಶ ಬೆಳ್ಳಗೆ ತೆರೆದುಕೊಂಡಿತ್ತು. ನೀರು ಅಲ್ಲೇ ಎಲ್ಲೋ ಇರಬೇಕು.

"ಬಲಕ್ಕೆ ನಡೀರಿ," ಅಂದೆ.

"ಅಲ್ಲಿ ನೋಡೋಕೆ ಏನಿಲ್ಲ."

"ಇಷ್ಟು ವರ್ಷ ಕೇಳಿದೀನಿ, ನೋಡ್ತೀನಿ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ನಾಳೆ ಹೋಗೋಣ."

ಗೋಡೌನುಗಳ ಹಿಂಗೋಡೆಗಳ ನಡುವೆ ಹೋಗಿ ಒಂದು ಮೇಲ್ಸೇತುವೆಯ ಅಡಿಯಲ್ಲಿ ನಿಲ್ಲಿಸಿದರು. ಲಾರಿಗಳು ಸಾಲಾಗಿ ನಿಂತಿದ್ದವು, ಮನುಷ್ಯರು ಕಾಣಲಿಲ್ಲ. ಕಾಂಕ್ರೀಟು ಕಂಬಗಳು, ಎಣ್ಣೆಯ ಕಲೆಗಳು, ತುಂಡಾದ ಹಗ್ಗ, ಬಾಗಿಲು ಮುರಿದ ಒಂದು ಕಕ್ಕಸು. ಕೂರಲು ಒಂದು ಕಲ್ಲುಬೆಂಚೂ ಇರಲಿಲ್ಲ. ಅವರು ಒಂದು ಕಂಬ ತೋರಿಸಿದರು. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರವಂತೆ.

ನಾನು ಇಳಿದು ಹೋಗಿ ಆ ಕಂಬದ ಬಳಿ ನಿಂತೆ. ತಲೆಯ ಮೇಲೆ, ಸೇತುವೆ ಶುರುವಾಗುವಲ್ಲಿ ಎಲ್ಲೋ, ಟ್ರಾಫಿಕ್ ದೀಪ ಹಸಿರಾಗಿರಬೇಕು. ವಾಹನಗಳೆಲ್ಲ ಒಟ್ಟಿಗೆ ಹೊರಟವು. ಭೋರೆಂದು ಏರಿ ಬಂತು, ಹಾಗೇ ಇಳಿಯಿತು, ತುಸು ಹೊತ್ತು ಸುಮ್ಮನಾಯಿತು. ಮತ್ತೆ ಬಂತು. ಅದೇ ಸದ್ದು, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ. ನನಗೆ ಅಳು ಬಂತು. ನಾನು ಹೊಟ್ಟೆಕಿಚ್ಚು ಪಟ್ಟದ್ದು ಈ ಕಂಬಕ್ಕೆ.

ಸುತ್ತ ನೋಡಿದೆ. ಹೋಟೆಲಿಲ್ಲ, ಗೂಡಂಗಡಿಯಿಲ್ಲ, ನೀರಿನ ನಲ್ಲಿಯೂ ಇಲ್ಲ.

"ಇಲ್ಲಿ ಊಟ ಎಲ್ಲಿ ಮಾಡ್ತಿದ್ರಿ?"

"ಮಾಡ್ತಿರ್ಲಿಲ್ಲ."

"ಆಯ್ತು ಅಂತಿದ್ರಿ?"

"ನೀನು ಕೇಳ್ತಿದ್ದೆ, ಅದಕ್ಕೆ."

ನನ್ನದೂ ಆಗಿರುತ್ತಿರಲಿಲ್ಲ ಎಂದು ಹೇಳಿದೆ. ಈ ಸಲ ಮೂಗಿನ ಹೂಂ ಬರಲಿಲ್ಲ. ಇಬ್ಬರೂ ಒಂದೇ ಸದ್ದಿನ ಎರಡು ತುದಿಯಲ್ಲಿ, ಹಸಿದುಕೊಂಡು, ಹೊಟ್ಟೆ ತುಂಬಿದವರ ಹಾಗೆ ಮಾತಾಡಿದ ಅಷ್ಟೂ ಸಂಜೆಗಳು ನನ್ನ ಕಣ್ಣ ಮುಂದೆ ಬಂದವು. ಅವು ಇನ್ನು ತಿರುಗಿ ಬರುವುದಿಲ್ಲ.

ಗಾಡಿ ಹತ್ತಿ ಅಕ್ಕಿ ತೊಳೆದು ಒಲೆ ಹಚ್ಚಿದೆ. ಅವರು ಬಾಗಿಲಲ್ಲೇ ನಿಂತರು.

"ಮೊದಲ್ನೇ ಅಡುಗೆ ಸಮುದ್ರದ ದಂಡೇಲಿ ಅಂದಿದ್ದೆ ನೀನು," ಅಂದರು.

ಮೇಲೆ ವಾಹನಗಳು ಹೊರಟು ಆ ಸದ್ದು ಮತ್ತೆ ಏರಿ ಬಂತು.

"ಹೂಂ," ಅಂದೆ ಚುಟುಕಾಗಿ. "ಕೈ ತೊಳ್ಕೊಂಡು ಬನ್ನಿ."