ಜುಂಜಣ್ಣ ಊದಿದ ಲೋಟಗಳು

ಮತ್ತೋಡಿನಲ್ಲಿ ಹಿಂದೆ ಓಣಿಗೊಂದು ಗಾಜಿನ ಒಲೆ ಉರಿಯುತ್ತಿತ್ತಂತೆ. ಸೌಳುಮಣ್ಣು, ಬೆಣಚುಕಲ್ಲಿನ ಪುಡಿ ಎರಡನ್ನೂ ಮೂಸೆಯಲ್ಲಿ ಕರಗಿಸಿ, ಕರಗಿದ್ದನ್ನು ಕಂಬಿಗೆ ಸುತ್ತಿ ಬಳೆ ಮಾಡುವ ಊರು ಅದು. ಜರ್ಮನಿಯ ಯುದ್ಧ ಶುರುವಾಗುವ ಹೊತ್ತಿಗೆ ಉಳಿದಿದ್ದದ್ದು ಜುಂಜಣ್ಣನ ಒಲೆಯೊಂದೇ. ಕಡಲಾಚೆಯ ಬಣ್ಣದ ಬಳೆ ಬಂದ ಮೇಲೆ ಮತ್ತೋಡಿನ ದಪ್ಪ ಬಳೆಯನ್ನು ಯಾರು ಕೇಳುತ್ತಾರೆ? ಅಣ್ಣತಮ್ಮಂದಿರೆಲ್ಲ ಕಂಬಿ ಬಿಸಾಕಿ ಬಬ್ಬೂರಿನ ಸರ್ಕಾರಿ ಹೊಲಕ್ಕೆ ಕಳೆ ಕೀಳಲು ಹೋಗಿದ್ದರು. ಜುಂಜಣ್ಣ ಮಾತ್ರ ಹೋಗಲಿಲ್ಲ. ತನ್ನ ಕೈಯಲ್ಲಿ ಒಲೆ ಆರಬಾರದು ಎನ್ನುವುದೊಂದೇ ಅವನ ಹಟ.

ಯುದ್ಧದಿಂದ ಆ ಬಳೆಗಳ ಹಡಗು ನಿಂತಿದೆ ಎಂದು ಕೇಳಿದಾಗ ಅವನು ಹಿಗ್ಗಿ ಹೀರೇಕಾಯಿಯಾದ. "ನಮ್ ಕಾಲ ತಿರುಗಿ ಬಂತು ಕಣೇ ಹುಲಿಗೀ" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ. ಕಾಲವೇನೋ ತಿರುಗಿತು, ಆದರೆ ಜಪಾನಿನವರ ಕಡೆಗೆ.

ಹೊಸದುರ್ಗದ ಅಂಗಡಿಯ ಮರುಳಸಿದ್ದಪ್ಪನವರು ಒಂದು ದಿನ ಹುಲ್ಲು ತುಂಬಿದ ಪೆಟ್ಟಿಗೆಯಿಂದ ಗಾಜಿನ ಲೋಟವೊಂದನ್ನು ತೆಗೆದು ಅವನ ಕೈಗಿಟ್ಟರು. "ಬಳೆ ಮಾತು ಬಿಡು, ಅವೂ ಈಗ ಜಪಾನಿಂದ ಬರ್ತವೆ. ಇದನ್ನ ನೋಡು, ಜಪಾನಿಂದು. ದಿನಾ ನೀರು, ಮಜ್ಜಿಗೆ ಕುಡಿಯಾಕೆ ಈಗ ಎಲ್ರೂ ಇದನ್ನೇ ಕೇಳ್ತಾರೆ."

ಜುಂಜಣ್ಣ ಲೋಟವನ್ನು ಬೆಳಕಿಗೆ ಹಿಡಿದ. ತಿಳಿನೀರಿನಂಥ ಗಾಜು. ಆದರೆ ಬಾಯಿ ಪೂರ್ತಿ ದುಂಡಗಿರಲಿಲ್ಲ. ಹೊಟ್ಟೆಯಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಇತ್ತು, ಬುಡದಲ್ಲಿ ಒರಟಾದ ಒಂದು ಗುರುತು. ಅದನ್ನು ಹೆಬ್ಬೆರಳಿನಿಂದ ಸವರಿದ.

"ಇದು ಯಂತ್ರದ್ದಲ್ಲ ಸಾವ್ಕಾರ್ರೇ. ಯಾರೋ ಬಾಯಾಗೆ ಊದಿ ಮಾಡಿದ್ದು. ಇಲ್ನೋಡ್ರಿ, ಕಂಬಿ ಕಿತ್ತ ಗುರುತು ಐತೆ."

ಯಂತ್ರವಾಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದನೇನೋ. ಇನ್ನೊಬ್ಬ ಮನುಷ್ಯನ ಉಸಿರಿಗೆ ತನ್ನ ಉಸಿರು ಯಾಕೆ ಸೋಲಬೇಕು? ಸಾಹುಕಾರರಿಗೂ ಅವನ ಉತ್ಸಾಹ ಹಿಡಿಸಿತು. "ಬೊಂಬಾಯಿಂದ ಬರೋದ್ರಾಗೆ ಅರ್ಧಕ್ಕರ್ಧ ಒಡೆದಿರ್ತವೆ. ನೀನು ಆರು ಲೋಟ ಮಾಡ್ಕೊಂಡು ಬಾ. ಬಿಸಿ ಹಾಲು ಹಾಕಿ ನೋಡ್ತೀನಿ. ತಡೆದ್ರೆ ಇನ್ನು ಮೇಲೆ ನನ್ನ ಅಂಗಡಿಯಾಗೆ ನಿನ್ನವೇ. ಬರೋ ಸೋಮವಾರ ಸರಕಿಗೆ ಬೊಂಬಾಯಿಗೆ ಕಾಗದ ಬರೀಬೇಕು, ಅಷ್ಟರಾಗೆ ತಾ" ಎಂದರು.

ಗುಡ್ಡದ ಸೌದೆಗೆ ಕೈಹಾಕಿದರೆ ಅರಣ್ಯದ ಗಾರ್ಡು ಹಿಡಿಯುತ್ತಿದ್ದ. ಜುಂಜಣ್ಣ ಹಳೆಯ ಗಾಡಿಯನ್ನು ಕಡಿದು ಒಲೆಗೆ ಹಾಕಿದ. ಅದು ಸಾಲದೆ ಹಿತ್ತಲ ಬಾಗಿಲನ್ನೂ ಕಿತ್ತ. ಹುಲಿಗೆಮ್ಮ ಎರಡು ದಿನ ಬೆಣಚುಕಲ್ಲು ಕುಟ್ಟಿದಳು, ಅಂಗೈ ಬೊಬ್ಬೆ ಬಂದರೂ ಬಿಡಲಿಲ್ಲ. ಊದುವುದಕ್ಕೆ ಪಾಳೆಯಗಾರರ ಕಾಲದ ಕೋವಿಯ ನಳಿಗೆಯೊಂದು ಅಟ್ಟದಲ್ಲಿ ಸಿಕ್ಕಿತು. ಬಳೆ ಸುತ್ತಿದ ಕೈ ಅವನದು, ಊದಿದ ಬಾಯಲ್ಲ. ಮೂರು ದಿನ ಬರೀ ಗಾಜಿನ ಮುದ್ದೆ, ಕೆಮ್ಮು, ಬೈಗುಳ. ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ನಳಿಗೆಯ ತುದಿಯಲ್ಲಿ ಲೋಟವೊಂದು ಉಬ್ಬಿತು. ಮಬ್ಬು ಹಸಿರು ಬಣ್ಣ, ಆದರೂ ಲೋಟ! ಬಿಸಿಲು ಇಳಿಯುವುದರೊಳಗೆ ಏಳು ಆದವು. ಏಳನೆಯದು ಒಂದು ಕಡೆಗೆ ವಾಲಿತ್ತು. "ಈ ಸೊಟ್ಟ ಮೂತಿ ಯಾರಿಗೆ ಬೇಕು" ಎಂದು ಅದನ್ನು ಮತ್ತೆ ಕರಗಲೆಂದು ಒಲೆಯೊಳಕ್ಕೇ ದೂಡಿದ. ಆದರೆ ಸೌದೆ ಮುಗಿದಿತ್ತು, ಬೆಂಕಿ ಆಗಲೇ ಇಳಿಯುತ್ತಿತ್ತು. ಅದರ ಕಡೆ ಯಾರೂ ಮತ್ತೆ ನೋಡಲಿಲ್ಲ.

ಚೆನ್ನಾಗಿ ಬಂದ ಆರನ್ನು ಮಾತ್ರ ಮನೆತನದ ಪದ್ಧತಿಯಂತೆ ನೋಡಿಕೊಂಡರು. ಬಳೆಗಾರರ ಒಲೆಯಲ್ಲಿ ಆದ ಸರಕು ತಂಗಬಾರದು. ಹೆತ್ತ ಕೂಸನ್ನು ಬೆಂಕಿಯಲ್ಲಿ ಬಿಡುತ್ತಾರೆಯೇ ಎಂದು ಅವನ ಅಪ್ಪ ಹೇಳುತ್ತಿದ್ದ. ನಳಿಗೆಯಿಂದ ಬಿಡಿಸಿದ್ದೇ ತಡ, ಒಂದೊಂದನ್ನೂ ಹೊರಗೆ ತಂದು ಗಾಳಿಗಿಟ್ಟರು. ಹುಲಿಗೆಮ್ಮ ಒಂದೊಂದಕ್ಕೂ ಅರಿಶಿನದ ಬೊಟ್ಟಿಟ್ಟಳು. ಅವಳ ಮುಖದಲ್ಲಿ ನಗು ಕಂಡು ಜುಂಜಣ್ಣನಿಗೆ ಎಷ್ಟು ವರ್ಷವಾಗಿತ್ತೋ.

ಸೋಮವಾರ ಬೆಳಕು ಹರಿಯುತ್ತಲೇ ಹುಲ್ಲು ಹಾಸಿದ ಬುಟ್ಟಿ ಹೊತ್ತು ಹೊರಟ. ಹರದಾರಿ ನಡೆದಿದ್ದನೋ ಇಲ್ಲವೋ, ತಲೆಯ ಮೇಲೆ ಟಿಣ್ ಎಂದಿತು. ಇಳಿಸಿ ನೋಡಿದರೆ ಒಂದು ಲೋಟ ಎರಡು ಹೋಳು. ಒಂದಕ್ಕೊಂದು ತಾಗಿರಬೇಕೆಂದುಕೊಂಡು ಹೆಗಲ ವಸ್ತ್ರ ಹರಿದು ಒಂದೊಂದಕ್ಕೂ ಸುತ್ತಿದ. ಕಾಲು ಎತ್ತಿಡಲೂ ಹೆದರಿ ನಡೆದ. ಮತ್ತೆ ಟಿಣ್. ಮರದ ನೆರಳಿನಲ್ಲಿ ಬುಟ್ಟಿ ಇಳಿಸಿ ಮುಟ್ಟದೆ ಕುಳಿತ. ಆಗಲೂ, ಯಾರೂ ಅಲುಗಿಸದೆ, ಅವನ ಕಣ್ಣೆದುರೇ ಮೂರನೆಯದು ಬಿರಿಯಿತು. ಯಾರ ಕಣ್ಣು ಬಿತ್ತಪ್ಪಾ ಎಂದು ತಲೆ ಚಚ್ಚಿಕೊಂಡ. ಹೊಸದುರ್ಗ ಮುಟ್ಟುವಾಗ ಬುಟ್ಟಿಯಲ್ಲಿ ಉಳಿದಿದ್ದದ್ದು ಒಂದೇ.

ಮರುಳಸಿದ್ದಪ್ಪನವರು ಬಿಸಿ ಹಾಲು ತರಿಸಿ ಅದಕ್ಕೆ ಹೊಯ್ದರು. ಒಂದು ಗಳಿಗೆ ಲೋಟ ನಿಂತಿತು. ಆಮೇಲೆ ಬುಡ ಕಳಚಿ ಹಾಲೆಲ್ಲ ಜಮಖಾನೆಯ ಪಾಲಾಯಿತು.

"ಬ್ಯಾಸರ ಮಾಡ್ಕಬ್ಯಾಡ" ಎಂದರು ಸಾಹುಕಾರರು. ಕೆಟ್ಟ ಮನುಷ್ಯರೇನಲ್ಲ. "ನಿನ್ ಕೈ ಚೆನ್ನಾಗೈತೆ, ಗಾಜೇ ಸರಿಯಿಲ್ಲ. ನಾನು ಬೊಂಬಾಯಿಗೇ ಬರೀತೀನಿ." ಅವನ ಎದುರೇ ಕಾಗದ ಬರೆದು ಟಪಾಲಿಗೆ ಕೊಟ್ಟರು.

ಸಂಜೆ ಮನೆಗೆ ಬಂದವನು ಬುಟ್ಟಿಯನ್ನು ಕವುಚಿ ಹಾಕಿ ಗುದ್ದಲಿ ತೆಗೆದುಕೊಂಡ. ಹುಲಿಗೆಮ್ಮ ಓಡಿಬಂದು ಅಡ್ಡ ನಿಂತಳು.

"ಒಲೆ ಮುಟ್ಬ್ಯಾಡ! ಒಲೆ ಮುರಿದ ಕೈ ಮತ್ತೆ ಒಲೆ ಹೂಡಂಗಿಲ್ಲ. ನಿಮ್ಮಪ್ಪ ನಿನ್ ಹತ್ರ ಆಣೆ ಮಾಡಿಸ್ಕಂಡಿರಲಿಲ್ವಾ?"

"ಅದಕ್ಕೇ ಮುರೀತೀನಿ. ಇನ್ನೊಂದು ಸಲ ಆಸೆ ಹುಟ್ಟಬಾರದು, ಸರಿ ಆಚೆ."

ಮೂರು ತಲೆಮಾರು ಕಾದ ಗೋಡೆ ನಾಲ್ಕೇ ಏಟಿಗೆ ಕುಸಿಯಿತು. ಐದನೆಯ ಏಟಿಗೆ ಒಳಗಿನ ಬೂದಿ ಹೊರಚೆಲ್ಲಿತು. ಬೂದಿಯ ಜೊತೆಗೆ ಸೊಟ್ಟ ಲೋಟ ಉರುಳಿ ಬಂದು ಅವನ ಕಾಲ ಬಳಿ ನಿಂತಿತು. ಒಂದು ಗೀರೂ ಇರಲಿಲ್ಲ. ಇನ್ನೂ ಬೆಚ್ಚಗಿತ್ತು.

ಹುಲಿಗೆಮ್ಮ ಅದನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. ಒಳಗೆ ಹೋಗಿ ಕುದಿಯುವ ಅಂಬಲಿಯನ್ನು ಅದರ ತುಂಬ ಹೊಯ್ದು ತಂದಳು. ಇಬ್ಬರೂ ನೋಡುತ್ತ ನಿಂತರು. ಬಹಳ ಹೊತ್ತಾಯಿತು. ಲೋಟಕ್ಕೆ ಏನೂ ಆಗಲಿಲ್ಲ.

ಜುಂಜಣ್ಣ ಮುರಿದ ಗೋಡೆಯ ಮೇಲೆ ಕುಸಿದು ಕುಳಿತ. ಅವನಿಗೆ ಎಲ್ಲವೂ ತಿಳಿಯಿತು. "ಒಲೆಯಾಗೇ ಬಿಡಬೇಕಿತ್ತು ಕಣೇ. ಬೆಂಕಿ ಜೊತೆಗೇ ನಿಧಾನಕ್ಕೆ ತಣಿಯಾಕೆ ಬಿಡಬೇಕಿತ್ತು. ಸಣ್ಣ ಬಳೆ ಗಾಳಿ ತಡಕಂತಿತ್ತು, ದಪ್ಪ ಬುಡ ತಡೀಲಿಲ್ಲ. ಒಳ್ಳೇವನ್ನೆಲ್ಲ ನಾನೇ ಎತ್ತಿ ಗಾಳಿಗಿಟ್ಟೆ."

ಹುಲಿಗೆಮ್ಮ ಗುದ್ದಲಿಯನ್ನು ನೋಡಿದಳು, ಆಮೇಲೆ ಅವನ ಕೈಯನ್ನು. ಇಬ್ಬರಿಗೂ ಆಣೆ ನೆನಪಿತ್ತು. ಅದನ್ನು ಮೀರುವ ಜನ ಅವರಲ್ಲ.

"ನಾಳೆ ಬಬ್ಬೂರಿಗೆ ಹೋಗಾಣ" ಎಂದಳು ಕೊನೆಗೆ. "ಇದನ್ನೇನು ಮಾಡಾಣ?"

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಸಿ ಅಂಗೈಗೆ ತಾಗುತ್ತಿತ್ತು.

"ಕಟ್ಕೋ. ಹೊಲದಾಗೆ ನೀರು ಕುಡಿಯಾಕೆ ಬೇಕಲ್ಲ" ಎಂದ. ಅಷ್ಟು ಹೇಳಿ, ಹೆಂಡತಿ ಎದುರಿಗಿದ್ದಾಳೆ ಎನ್ನುವುದನ್ನೂ ಮರೆತು, ಗಟ್ಟಿಯಾಗಿ ಅತ್ತುಬಿಟ್ಟ.